ಹನ್ನೊಂದನೇ ಮಹಡಿಯ ಪಾರಿವಾಳ

ಮುಂಬಯಿಯ ಬೈಕುಲ್ಲಾದ ಅಮೀರಸಾಬನಿಗೆ ಎತ್ತರದ ಭಯವಿಲ್ಲ. ಕರೆಂಟಿನ ಭಯವಿಲ್ಲ, ಪೊಲೀಸರ ಭಯವಿಲ್ಲ, ಹೆಂಡತಿ ರಜಿಯಾಳ ಭಯವೂ ಅಷ್ಟಕ್ಕಷ್ಟೆ. ಸಿಂದಗಿ ಬಿಟ್ಟು ಬಂದು ಇಪ್ಪತ್ತಾರು ವರ್ಷದಿಂದ ಎ.ಸಿ. ರಿಪೇರಿ ಮಾಡುತ್ತಿರುವ ಆಸಾಮಿ. ಇಪ್ಪತ್ತನೇ ಮಹಡಿಯ ಕಿಟಕಿಯಿಂದ ಹೊರಗಿಳಿದು, ಒಂದು ಮೊಳದ ಸಜ್ಜಾದ ಮೇಲೆ ನಿಂತು, ಬಾಯಲ್ಲಿ ನಟ್ಟು ಬಿಚ್ಚುವ ಪಾನಾ ಕಚ್ಚಿಕೊಂಡು ಕೆಲಸ ಮಾಡುವವನು. ಅವನು ಹೆದರುವುದು ಇಡೀ ಭೂಮಿಯ ಮೇಲೆ ಒಂದಕ್ಕೇ: ಪಾರಿವಾಳಕ್ಕೆ.

ನಗಬೇಡಿ. ಆ ರೆಪ್ಪೆ ಹೊಡೆಯದ ಕೆಂಪು ಕಣ್ಣು, ಮುಖದ ಹತ್ತಿರ ಥಟ್ಟನೆ ಪಟಪಟ ಎನ್ನುವ ಆ ರೆಕ್ಕೆ ಅವನಿಗೆ ಮಾತ್ರ ಗೊತ್ತು. ಮುಂಬಯಿಯ ಪಾರಿವಾಳಗಳಾದರೂ ಸಂಸಾರ ಹೂಡುವುದು ಎಲ್ಲಿ? ಎ.ಸಿ.ಯ ಹೊರಗಿನ ಯೂನಿಟ್ಟಿನ ಹಿಂದೆಯೇ. ದೇವರು ಹಣೆಬರಹ ಬರೆಯುವಾಗ ಒಮ್ಮೊಮ್ಮೆ ತಮಾಷೆಗೂ ಇಳಿಯುತ್ತಾನೆ.

ಅಮೀರಸಾಬನಿಗೆ ಒಂದು ಸಮಾಧಾನವಿತ್ತು. ಊರ ಮಂದಿಯ ಬೆಡ್‌ರೂಮಿನವರೆಗೂ ಹೋಗುವ ಕಸುಬು ಅವನದು, ಹಾಗಾಗಿ ಯಾರ ಪುಕ್ಕಲು ಎಲ್ಲಿದೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತು. ದಾದರಿನ ಹಿರಿಯಣ್ಣನವರು ದೊಡ್ಡ ಬ್ಯಾಂಕಿನಲ್ಲಿ ಮ್ಯಾನೇಜರಾಗಿದ್ದವರು, ಬಾಗಿಲಿಗೆ ಬೀಗ ಹಾಕಿ ಮೂರು ಮಹಡಿ ಇಳಿದು, ಮತ್ತೆ ಹತ್ತಿ ಬಂದು ಬೀಗ ಜಗ್ಗಿ ನೋಡುತ್ತಾರೆ. ಜಗ್ಗಿದ್ದರಿಂದಲೇ ಸಡಿಲಾಯಿತೇನೋ ಎಂದು ಇನ್ನೊಮ್ಮೆ ಬರುತ್ತಾರೆ. ಅವರ ಪಕ್ಕದ ಫ್ಲ್ಯಾಟಿನಲ್ಲಿ ತೋಳು ಉಬ್ಬಿಸಿಕೊಂಡು ಜಿಮ್ಮಿಗೆ ಹೋಗುವ ವಿಕ್ರಂ ಹಲ್ಲಿ ಕಂಡರೆ ಕುರ್ಚಿ ಹತ್ತುತ್ತಾನೆ. ವಿಲೆ ಪಾರ್ಲೆಯ ವನಮಾಲಾ ಅಮ್ಮನವರು ಮೂವತ್ತು ವರ್ಷ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿದವರು, ಕುಕ್ಕರ್ ಒಲೆಯ ಮೇಲಿಟ್ಟ ಕೂಡಲೇ ಎಲ್ಲಿ ಸಿಡಿದೀತೋ ಎಂದು ಹಾಲ್‌ಗೆ ಓಡುತ್ತಾರೆ. ಸೀಟಿಗಳನ್ನು ಅಲ್ಲಿಂದಲೇ ಎಣಿಸುತ್ತಾರೆ. ಇಂಥವರ ನಡುವೆ ತಾನೂ ಒಬ್ಬ ಎಂದುಕೊಂಡರೆ ಅವನಿಗೆ ಮನಸ್ಸು ಹಗುರಾಗುತ್ತಿತ್ತು.

ಆದರೆ ಅವರ ಭಯ ಮನೆಮಂದಿಗೆಲ್ಲ ಗೊತ್ತು, ಇವನದು ಯಾರಿಗೂ ಗೊತ್ತಿಲ್ಲ. ಇಪ್ಪತ್ತಾರು ವರ್ಷ ಅದನ್ನು ಮುಚ್ಚಿಟ್ಟದ್ದು ಒಂದು ಉಪಾಯದಿಂದ. ಹೊರಗೆ ಹಕ್ಕಿ ಕಂಡರೆ, “ಪಾಪದ ಪ್ರಾಣಿ, ನಾ ಮುಟ್ಟಂಗಿಲ್ರಿ. ನೀವ ಮೆತ್ತಗ ಓಡಸ್ರಿ, ಆಮ್ಯಾಲ ನಾ ಇಳೀತೀನಿ,” ಎಂದು ಮನೆಯವರನ್ನೇ ಮುಂದೆ ಬಿಡುತ್ತಿದ್ದ. ಹೀಗೆ ಹೆದರಿ ಹೆದರಿಯೇ ಅವನು ದಯಾವಂತ ಎಂದು ಹೆಸರು ಮಾಡಿಬಿಟ್ಟಿದ್ದ.

ಆ ಶನಿವಾರ ಮಾತ್ರ ಅವನ ಜೊತೆ ಮಗಳು ದಿಲನಾಜ ಇದ್ದಳು. ಐಟಿಐನಲ್ಲಿ ಎ.ಸಿ. ಕೆಲಸ ಕಲಿತವಳು, ಸೋಮವಾರದಿಂದ ಒಂದು ಕಂಪನಿಯಲ್ಲಿ ನೌಕರಿ. ಕೇರಿಯಲ್ಲಿ ಯಾರು ಕೇಳಿದರೂ, “ನಮ್ಮ ಅಬ್ಬಾಗ ಯಾವ್ದರದೂ ಡರ್ ಇಲ್ಲ,” ಎಂದು ಎದೆಯುಬ್ಬಿಸಿ ಹೇಳುವವಳು. ಅವಳಿಗೆ ಹೊರಗಿನ ಕೆಲಸ ತೋರಿಸಲೆಂದೇ ಅವನು ವನಮಾಲಾ ಅಮ್ಮನವರ ಹನ್ನೊಂದನೇ ಮಹಡಿಗೆ ಕರೆತಂದಿದ್ದ. ಯಾರ ಮುಂದೆ ಮಾನ ಹೋದರೂ ಸರಿ, ಈ ಹುಡುಗಿಯ ಮುಂದೆ ಮಾತ್ರ ಹೋಗಬಾರದು ಎಂಬುದೊಂದೇ ಅವನ ಆಸೆ.

“ಪಾರಿವಾಳ ಅದಾವೇನ್ರಿ ಅಮ್ಮಾರ?” ಎಂದು ಬಾಗಿಲಲ್ಲೇ ಕೇಳಿದ.

“ಬೆಳಿಗ್ಗೇನೇ ಓಡಿಸಿದ್ದೀನಿ ಕಣ್ರೀ, ನೀವು ಬೇಜಾರು ಮಾಡ್ಕೋತೀರ ಅಂತ ಮೆತ್ತಗೇ ಓಡಿಸ್ದೆ,” ಎಂದ ವನಮಾಲಾ ದಿಲನಾಜಳ ಕಡೆ ತಿರುಗಿ, “ನಿಮ್ಮಪ್ಪನಂಥ ಕರುಣೆಯಿರೋ ಮನುಷ್ಯನ್ನ ನಾನು ನೋಡಿಲ್ಲಮ್ಮಾ,” ಎಂದರು. ಆಮೇಲೆ ಅಡುಗೆಮನೆಯಲ್ಲಿ ಕುಕ್ಕರ್ ಇಟ್ಟು ಹಾಲ್‌ಗೆ ಓಡಿದರು.

ಯೂನಿಟ್ ಇದ್ದದ್ದು ಅಡುಗೆಮನೆಯ ಕಿಟಕಿಯಾಚೆ. ಅಮೀರಸಾಬ ಸೊಂಟಕ್ಕೆ ಬೆಲ್ಟು ಬಿಗಿದು, ಅದರ ಹಗ್ಗವನ್ನು ಕಿಟಕಿಯ ತೆರೆದ ಗ್ರಿಲ್ಲಿನ ಸರಳಿಗೆ ಸುತ್ತಿ, ತುದಿಯನ್ನು ಮಗಳ ಕೈಗೆ ಕೊಟ್ಟು ಸಜ್ಜಾಕ್ಕೆ ಇಳಿದ. ನಾಲ್ಕು ಹೆಜ್ಜೆ ಸರಿದು ಯೂನಿಟ್ಟಿನ ಆಚೆ ಬದಿಗೆ ಹೋಗಿ, ಪಾನಾ ಎತ್ತಿಕೊಂಡ. ಆಗ ಮೇಲಿನಿಂದ ಒಂದು ಪಾರಿವಾಳ ಇಳಿದು ಬಂದು ಅವನಿಗೂ ಕಿಟಕಿಗೂ ನಡುವೆ ಕೂತಿತು. ಯೂನಿಟ್ಟಿನ ಹಿಂದೆ ಎರಡು ಮೊಟ್ಟೆ ಇದ್ದವು. ಅದು ಕತ್ತು ಉಬ್ಬಿಸಿ ಅವನನ್ನೇ ನೋಡಿತು.

ಅಮೀರಸಾಬ ಗೋಡೆಗೆ ಅಂಟಿಕೊಂಡ. ಒಂದು ಬದಿಗೆ ಬರೀ ಗಾಳಿ, ಇನ್ನೊಂದು ಬದಿಗೆ ಪಾರಿವಾಳ.

“ಕ್ಯಾ ಹುವಾ ಅಬ್ಬಾ?”

“ಏನಿಲ್ಲ ಬೇಟಾ. ಪಾಪ, ತತ್ತಿ ಇಟ್ಟೈತಿ. ತೊಂದ್ರಿ ಕೊಡಬಾರದು.”

ಐದು ನಿಮಿಷ ಕಳೆಯಿತು. ಪಾರಿವಾಳ ಒಂದು ಹೆಜ್ಜೆ ಮುಂದೆ ಬಂತು. ಅಮೀರಸಾಬನ ಬಾಯಿಂದ ಅವನಿಗೇ ಗುರುತು ಸಿಗದ ಒಂದು ಸಣ್ಣ ಕೂಗು ಹೊರಟಿತು, ಪಾನಾ ಕೈಜಾರಿ ಸಜ್ಜಾದ ಮೇಲೆ ಬಿತ್ತು. ಇನ್ನು ಮುಚ್ಚಿಟ್ಟು ಫಲವಿರಲಿಲ್ಲ.

“ದಿಲ್ಲೂ, ಕೈ ಚಾಚಿ ಅದನ್ನ ಓಡಸವ್ವಾ. ನನಗ ಅದರ ಅಂಜಿಕಿ ಐತಿ. ಮೊದಲಿಂದಾನೂ ಐತಿ.”

ಮಗಳು ನಕ್ಕಳು. ಕಿಟಕಿ ಅದುರುವಷ್ಟು ನಕ್ಕಳು. ಅವನಿಗೆ ನಾಚಿಕೆಯಿಂದ ಕಿವಿ ಬಿಸಿಯಾದವು. ನಗಲಿ, ನಕ್ಕು ಓಡಿಸಲಿ, ಅಷ್ಟು ಸಾಕು ಎಂದುಕೊಂಡ. ನಗು ನಿಂತಿತು. ಆದರೆ ಅವಳ ಕೈ ಹೊರಗೆ ಬರಲಿಲ್ಲ.

“ಅಬ್ಬಾ, ಮೇರೇ ಸೇ ನಹೀ ಹೋಗಾ, ನನ್ನ ಕಡಿಂದ ಆಗಂಗಿಲ್ಲ. ಇಷ್ಟ ಎತ್ತರದಾಗ ಹೊರಗ ನೋಡಿದ್ರ ಚಕ್ಕರ್ ಬರತೈತಿ.”

“ಐಟಿಐದಾಗ ಮಾಡಿದ್ದಿಯಲ್ಲಾ?”

“ಅಲ್ಲಿ ಯೂನಿಟ್ ಟೇಬಲ್ ಮ್ಯಾಲೆ ಇತ್ತು.”

“ಮತ್ತ ಈ ಕೆಲಸಕ್ಕ ಯಾಕ ಬಂದಿ ಬೇಟಾ?”

ದಿಲನಾಜ ಸರಳನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡಳು. “ನಿಮಗ ಯಾವ್ದರದೂ ಡರ್ ಇಲ್ಲಲ್ಲ. ನಾನೂ ನಿಮ್ಮ ಬೇಟಿ. ಆಹಿಸ್ತಾ ಆಹಿಸ್ತಾ ನಂದೂ ಡರ್ ಹೋಗತೈತಿ ಅಂತ ತಿಳ್ಕೊಂಡಿದ್ದೆ.”

ಊಟಕ್ಕೆ ಕೂತಾಗಲೆಲ್ಲ ಅಮೀರಸಾಬ ಕೊಚ್ಚಿಕೊಂಡ ಜಂಬವನ್ನು ಈ ಹುಡುಗಿ ಕಿವಿಗೊಟ್ಟು ಕೇಳಿ, ನಂಬಿ, ಅದರ ಮೇಲೆಯೇ ತನ್ನ ಅನ್ನದ ದಾರಿ ಹಾಕಿಕೊಂಡಿದ್ದಳು. ಸೋಮವಾರ ಅವಳು ಇಂಥದ್ದೇ ಯಾವುದೋ ಸಜ್ಜಾದ ಮೇಲೆ ನಿಲ್ಲುತ್ತಾಳೆ, ಹಗ್ಗ ಇನ್ಯಾರದೋ ಕೈಯಲ್ಲಿರುತ್ತದೆ.

“ಎರಡನೇ ಸೀಟಿ ಆಯ್ತು!” ಹಾಲ್‌ನಿಂದ ವನಮಾಲಾ ಕೂಗಿದರು. “ಇನ್ನೊಂದು ಆಗ್ಲಿ, ನಾನೇ ಬಂದು ಓಡಿಸ್ತೀನಿ. ಅಲ್ಲೀವರೆಗೆ ಆ ಕಡೆ ಬರಕ್ಕೆ ಆಗಲ್ಲಪ್ಪಾ!”

ಮಗಳು ನಿಲ್ಲಬೇಕಾದ ಜಾಗ ಎಂಥದ್ದು ಎಂದು ಅಮೀರಸಾಬ ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಕೆಳಗೆ ನೋಡಿದ. ರಿಕ್ಷಾಗಳು ಬೆಂಕಿಪೊಟ್ಟಣದಷ್ಟಾಗಿದ್ದವು. ಬಾಲವಾಡಿಯ ಮಕ್ಕಳು ರಸ್ತೆ ದಾಟುತ್ತಿದ್ದರು, ಯಾರ ಮುಖವೂ ಕಾಣುತ್ತಿರಲಿಲ್ಲ. ಪಾರಿವಾಳವನ್ನೂ ಮರೆತು ಅವನು ಯೂನಿಟ್ಟನ್ನು ಎರಡೂ ಕೈಯಿಂದ ತಬ್ಬಿಕೊಂಡ.

“ದಿಲ್ಲೂ,” ಎಂದ, “ಹಗ್ಗ ಬಿಡಬ್ಯಾಡ.”

“ಬಿಟ್ಟಿಲ್ಲ ಅಬ್ಬಾ,” ಎಂದಳು ಮಗಳು, ಕಣ್ಣು ಮುಚ್ಚಿಕೊಂಡೇ.