ಕಿವಿ ಅವನದು, ಕಣ್ಣು ಅವಳದು

ಅಡಾ ಪಿಲ್ಲಿಂಗ್ ಮ್ಯಾಂಚೆಸ್ಟರ್ ಕಡೆಯ ಕೋಲ್ನ್ ಊರಿನ ಹತ್ತಿ ಗಿರಣಿಗೆ ಸೇರಿದಾಗ ಇನ್ನೂ ಎರಡು ಜಡೆಯ ಹುಡುಗಿ. ಮಗ್ಗಗಳ ಆರ್ಭಟದ ನಡುವೆಯೇ ಬೆಳೆದಳು, ಅಲ್ಲಿಯೇ ಹೆಂಗಸಾದಳು, ಮಗಳು ಹುಟ್ಟಿದ ಮೇಲೆ ಮತ್ತೆ ಅಲ್ಲಿಗೇ ಹೋದಳು. ತಲೆಗೂದಲು ನರೆಯುವ ಮೊದಲೇ ಅವಳ ಎರಡೂ ಕಿವಿ ಹೋಗಿದ್ದವು. ಅದೊಂದು ದೊಡ್ಡ ಸಂಗತಿ ಎಂದು ಯಾರಿಗೂ ಅನ್ನಿಸಲಿಲ್ಲ. ಅವರ ಬೀದಿಯ ಅರ್ಧಕ್ಕರ್ಧ ಹೆಂಗಸರ ಪಾಡು ಅದೇ ಆಗಿತ್ತು. ನೇಯುವವರಿಗೆಲ್ಲ ತುಟಿಯ ಮಾತು ಬರುತ್ತಿತ್ತು. ದನಿ ಹೊರಡಿಸದೆ ಬಾಯನ್ನು ಅಗಲವಾಗಿ ಆಡಿಸಿ, ಹುಬ್ಬು ಹಾರಿಸಿ, ಆ ಮೂಲೆಯ ಮಗ್ಗದವಳು ಈ ಮೂಲೆಯವಳಿಗೆ ಮೇಸ್ತ್ರಿಯ ಮೇಲಿನ ಚಾಡಿಯನ್ನೆಲ್ಲ ಹೇಳಿ ಮುಗಿಸುತ್ತಿದ್ದಳು. ಮೇಸ್ತ್ರಿ ನಡುವೆಯೇ ನಿಂತಿದ್ದರೂ ಅವನಿಗೆ ತಿಳಿಯುತ್ತಿರಲಿಲ್ಲ.

ವಾಲ್ಟರ್ ಅದೇ ಗಿರಣಿಯಲ್ಲಿ ಬಾಯ್ಲರಿಗೆ ಕಲ್ಲಿದ್ದಲು ಹಾಕುತ್ತಿದ್ದವನು. ಅಡಾಳ ಹತ್ತಿರ ಮಾತಾಡಬೇಕೆಂಬ ಆಸೆಗೆ ತುಟಿಯ ಮಾತು ಕಲಿತ. ಮೊದಲ ಸಲ ಮಗ್ಗದ ಮನೆಯ ಬಾಗಿಲಲ್ಲಿ ನಿಂತು, ಭಾನುವಾರ ಕಾಲುವೆಯ ದಂಡೆಗೆ ಬರ್ತೀಯಾ ಎಂದು ಕೇಳಲು ಹೋಗಿ ಅವನ ತುಟಿ ಬೇರೆಯೇ ಏನನ್ನೋ ಹೇಳಿಬಿಟ್ಟಿತು. ಹೆಂಗಸರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ತಾನು ಏನು ಹೇಳಿದ್ದೆ ಎಂದು ಅವನು ಮದುವೆಯಾದ ಮೇಲೂ ಕೇಳುತ್ತಲೇ ಇದ್ದ. ಅವಳು ಹೇಳಲಿಲ್ಲ.

ಅವರ ಒಬ್ಬಳೇ ಮಗಳು ಮೇವಿಸ್. ಅವಳನ್ನು ಗಿರಣಿಯ ಹತ್ತಿರವೂ ಸುಳಿಯಗೊಡದೆ ಟೈಪಿಂಗ್ ಕಲಿಸಿದರು. ಅವಳು ಮ್ಯಾಂಚೆಸ್ಟರಿನಲ್ಲಿ ಕೆಲಸಕ್ಕೆ ಸೇರಿ, ಅಲ್ಲಿಯವನನ್ನೇ ಮದುವೆಯಾಗಿ ಅಲ್ಲೇ ನೆಲೆನಿಂತಳು. ತುಟಿಯ ಮಾತು ಅವಳಿಗೆ ಬರಲಿಲ್ಲ. ಬೇಕೆಂದು ಅವಳಿಗಾಗಲಿ, ಕಲಿಸಬೇಕೆಂದು ಅಡಾಳಿಗಾಗಲಿ ಅನ್ನಿಸಿರಲಿಲ್ಲ.

ಗಿರಣಿ ಮುಚ್ಚಿದ ಎರಡು ವರ್ಷಕ್ಕೆ ವಾಲ್ಟರನ ಕಣ್ಣು ಹೋಯಿತು. ಸಕ್ಕರೆ ಕಾಯಿಲೆ. ಮೊದಲು ಪತ್ರಿಕೆಯ ಅಕ್ಷರ, ಆಮೇಲೆ ಗಡಿಯಾರದ ಮುಳ್ಳು, ಕೊನೆಗೆ ಹೆಂಡತಿಯ ಮುಖ. ಅವನು ಕುರ್ಚಿ ಬಿಟ್ಟು ಏಳದೆ ದಿನಗಟ್ಟಲೆ ಸುಮ್ಮನೆ ಕೂತಿರುವುದನ್ನು ನೋಡಲಾರದೆ ಮೇವಿಸ್ ಬಾಡಿಗೆಗೆ ಒಂದು ಟೀವಿ ತರಿಸಿ ಕೊಟ್ಟಳು. ಪಕ್ಕದ ಮನೆಯ ಬರ್ಥಾ ಟಾಟರ್ಸಾಲ್ ಬಾಗಿಲಲ್ಲಿ ನಿಂತು, ಕುರುಡನಿಗೂ ಕಿವುಡಿಗೂ ಟೀವಿ ತಂದಿದ್ದಾರೆ, ಇನ್ನು ಬೆಕ್ಕಿಗೊಂದು ಪಿಯಾನೋ ಬೇಕು ಎಂದಳು. ಬರ್ಥಾಳ ಬಾಯಿಯೇ ಹಾಗೆ. ಯಾರೂ ಬೇಸರ ಮಾಡಿಕೊಳ್ಳುತ್ತಿರಲಿಲ್ಲ.

ಆದರೆ ಆ ಬೀದಿಯಲ್ಲಿ ಟೀವಿಯನ್ನು ಅವರಷ್ಟು ಪೂರ್ತಿಯಾಗಿ ನೋಡಿದವರು ಇನ್ನೊಬ್ಬರಿರಲಿಲ್ಲ. ವಾಲ್ಟರನ ಕುರ್ಚಿಯನ್ನು ಅಡಾ ಟೀವಿಯ ಪಕ್ಕಕ್ಕೇ, ತನ್ನ ಕಡೆಗೆ ಮುಖ ಮಾಡಿ ಇಟ್ಟಳು. ಪರದೆಯೂ ಅವನ ತುಟಿಯೂ ಅವಳಿಗೆ ಒಟ್ಟಿಗೇ ಕಾಣುತ್ತಿದ್ದವು. ಟೀವಿಯಲ್ಲಿ ಆಡಿದ ಮಾತನ್ನು ಅವನು ದನಿಯಿಲ್ಲದೆ ತುಟಿಯಲ್ಲಿ ಆಡಿ ತೋರಿಸುತ್ತಿದ್ದ. ಕಂಡದ್ದನ್ನು ಅವಳು ಬಾಯಿಬಿಟ್ಟು ಹೇಳುತ್ತಿದ್ದಳು. ತನ್ನ ದನಿ ತನಗೇ ಕೇಳದ್ದರಿಂದ ಜೋರಾಗಿಯೇ ಹೇಳುತ್ತಿದ್ದಳು. ಬರ್ಥಾಳ ಅಡುಗೆಮನೆಯವರೆಗೂ ಅದು ಹೋಗುತ್ತಿತ್ತು. ಕೇಕ್ ಬೇಯಿಸುವ ಹೆಂಗಸು, ಗುಲಾಬಿ ಗಿಡ ಕತ್ತರಿಸುವ ಮುದುಕ, ಆಫ್ರಿಕದ ಆನೆಗಳು, ಮಕ್ಕಳ ಸೂತ್ರದ ಬೊಂಬೆಗಳು, ಪಾರ್ಲಿಮೆಂಟಿನ ಸುದ್ದಿ, ಅವರು ಯಾವುದನ್ನೂ ಬಿಡಲಿಲ್ಲ. ಸುದ್ದಿ ಓದುವವನ ಟೈ ಹೇಗಿದೆ ಎಂದು ಕೂಡ ವಾಲ್ಟರನಿಗೆ ಗೊತ್ತಿರಬೇಕಿತ್ತು.

ಆ ನವೆಂಬರಿನ ಶನಿವಾರವೂ ಹಾಗೆಯೇ ಶುರುವಾಯಿತು. ಬೆಳಿಗ್ಗೆ ಕಾರ್ಯಕ್ರಮ ಶುರುವಾಗುವವರೆಗೆ ಪರದೆಯ ಮೇಲೆ ಗೆರೆಗಳೂ ವೃತ್ತಗಳೂ ಇರುವ ನಿಂತ ಚಿತ್ರವಷ್ಟೇ ಇರುತ್ತಿತ್ತು, ಜೊತೆಗೆ ಸಂಗೀತ. ವಾಲ್ಟರನಿಗೆ ಆ ಸಂಗೀತ ಇಷ್ಟ. ಏನು ಕಾಣ್ತಿದೆ ಎಂದು ಕೇಳಿದ. ನಿನ್ನೆಯದೇ ಗೆರೆ ಎಂದಳು. ಅದನ್ನೇ ಸರಿಯಾಗಿ ನೋಡು, ಒಂದು ಗೆರೆ ಕಮ್ಮಿಯಾಗಿರಬಹುದು ಎಂದು ಅವನು ರೇಗಿಸಿದ. ಮಧ್ಯಾಹ್ನ ಇಬ್ಬರೂ ಆಲೂಗಡ್ಡೆ ಪೈ ತಿಂದರು. ಅವನು ಅರ್ಧ ಬಿಟ್ಟ. ಕುದುರೆ ಪಂದ್ಯದಲ್ಲಿ ಬಿಳಿ ಮೂತಿಯ ಕುದುರೆಯೊಂದು ಬೇಲಿ ಹಾರುವಾಗ ಸವಾರನನ್ನು ಕೆಡವಿ ತಾನೊಂದೇ ಓಡಿ ಮೊದಲು ಬಂತು. ಅಡಾ ಅದನ್ನು ಹೇಳಿದಾಗ ವಾಲ್ಟರ್, ಜಾಣ ಕುದುರೆ ಎಂದ. ಆಮೇಲೆ ಮಂಜಿನ ಮೇಲೆ ಜಾರುವ ಜೋಡಿಯೊಂದು ಬಂತು. ಅಲ್ಲಿ ಬರೀ ವಾದ್ಯ. ಅವನು ಬೆರಳಲ್ಲಿ ಕುರ್ಚಿಯ ತೋಳಿನ ಮೇಲೆ ತಾಳ ಹಾಕಿದ, ಅವಳು ಆ ಹುಡುಗಿಯ ಲಂಗ ಎಷ್ಟು ಗಿಡ್ಡ ಎಂದು ದೂರಿದಳು.

ಕುಸ್ತಿ ಶುರುವಾಗುವ ಹೊತ್ತಿಗೆ ಅವನು ಚಳಿಯಾಗುತ್ತಿದೆ ಎಂದ.

"ಬೆಂಕಿ ಹತ್ರ ಕೂರಿಸೇ. ಕಾಲೆಲ್ಲ ಕೊರೀತಿದೆ."

"ಅಲ್ಲಿ ಕೂತ್ರೆ ನಿನ್ನ ಬಾಯಿ ನನಗೆ ಕಾಣಲ್ವಲ್ಲೋ ಮಾರಾಯ."

"ಕುಸ್ತೀಲಿ ಮಾತೇನಿರತ್ತೆ. ನೀನು ಹೇಳು, ನಾನು ಕೇಳ್ತೀನಿ."

ಅವನ ಕುರ್ಚಿಯನ್ನು ತನ್ನ ಹಿಂದುಗಡೆ ಬೆಂಕಿಗೂಡಿನ ಪಕ್ಕಕ್ಕೆ ಎಳೆದಳು. ಮಂಡಿಯ ಮೇಲೆ ಕಂಬಳಿ ಹೊದಿಸಿ ತನ್ನ ಜಾಗಕ್ಕೆ ಬಂದು ಕೂತಳು.

ಕುಸ್ತಿ ಬಲು ಚೆನ್ನಾಗಿತ್ತು. ಡೊಳ್ಳುಹೊಟ್ಟೆಯವನೊಬ್ಬ, ಕೂದಲಿಗೆ ಬಣ್ಣ ಹಾಕಿದ ಎಳಸು ಪೈಲ್ವಾನನೊಬ್ಬ. ಎಳಸು ಕಣ್ಣಿಗೆ ಬೆರಳು ಹಾಕಿತು, ತೀರ್ಪುಗಾರ ಬೇಕೆಂದೇ ಆ ಕಡೆ ನೋಡುತ್ತಿದ್ದ. ಮುಂದಿನ ಸಾಲಿನಿಂದ ಹ್ಯಾಟು ಹಾಕಿದ ಮುದುಕಿಯೊಬ್ಬಳು ಎದ್ದು ಬಂದು ಹಗ್ಗದ ಸಂದಿಯಿಂದ ಎಳಸಿನ ಬೆನ್ನಿಗೆ ಕೊಡೆಯಲ್ಲಿ ಬಾರಿಸಿದಳು. ಅಡಾ ಒಂದನ್ನೂ ಬಿಡದೆ ಹೇಳಿದಳು. ನಮ್ಮ ಬರ್ಥಾ ಇದ್ದ ಹಾಗಿದ್ದಾಳೆ ನೋಡು ಎಂದಳು. ಡೊಳ್ಳುಹೊಟ್ಟೆ ಮೇಲೆ ಬಿದ್ದಾಗ ತಾನೇ ಕುರ್ಚಿಯಿಂದ ಅರ್ಧ ಎದ್ದು, ಬಿದ್ದ ಬಿದ್ದ, ಅಪ್ಪಚ್ಚಿ ಆಗ್ಹೋದ ಎಂದು ಕೂಗಿದಳು.

ಅದು ಮುಗಿದು ಫುಟ್‌ಬಾಲ್ ಫಲಿತಾಂಶ ಬಂತು. ಇದರಲ್ಲಿ ಗಂಡಹೆಂಡಿರಿಗೆ ಪ್ರತಿ ವಾರದ ಪೈಪೋಟಿ. ಓದುವವನ ದನಿ ಏರಿತೋ ಇಳಿಯಿತೋ ಎಂಬುದರಿಂದಲೇ ಅಂಕಿ ಬರುವ ಮೊದಲು ವಾಲ್ಟರ್ ಹೇಳಿಬಿಡುತ್ತಿದ್ದ. ಅವಳು ಪರದೆಯ ಮೇಲೆ ಒಂದೊಂದಾಗಿ ಮೂಡುವ ಅಕ್ಷರ ನೋಡುತ್ತಿದ್ದಳು. ಸಾಮಾನ್ಯವಾಗಿ ಗೆಲ್ಲುತ್ತಿದ್ದವನು ಅವನೇ. ಈ ಸಲ ಅವರ ಕಡೆಯ ತಂಡದ ಹೆಸರು ಮೂಡಿತು, ಎದುರಾಳಿಯ ಹೆಸರು ಮೂಡಿತು, ಕೊನೆಗೆ ಅಂಕಿಯೂ ಮೂಡಿತು.

"ಗೆದ್ರು ಕಣೋ. ನಾನೇ ಮೊದಲು ಹೇಳ್ದೆ, ಇವತ್ತು ನಾನೇ ಮೊದಲು" ಎನ್ನುತ್ತ ಹಿಂದಕ್ಕೆ ತಿರುಗಿದಳು.

ವಾಲ್ಟರನ ತಲೆ ಒಂದು ಪಕ್ಕಕ್ಕೆ ವಾಲಿತ್ತು. ನಿದ್ದೆ ಹೋದನೆಂದುಕೊಂಡು ಎದ್ದು ಹೋಗಿ ಗಲ್ಲ ಹಿಡಿದು ನೇರ ಮಾಡಲು ನೋಡಿದಳು. ಬಾಯಿ ಸ್ವಲ್ಪ ತೆರೆದಿತ್ತು. ಕಂಬಳಿ ಮಂಡಿಯಿಂದ ಜಾರಿ ನೆಲಕ್ಕೆ ಬಿದ್ದಿತ್ತು. ಬೆಂಕಿಯ ಕಡೆಯ ಕೈ ಬೆಚ್ಚಗಿತ್ತು, ಈ ಕಡೆಯದು ತಣ್ಣಗಿತ್ತು. ಅವಳು ಆ ಕೈಯನ್ನು ತನ್ನ ಎರಡೂ ಅಂಗೈಗಳ ನಡುವೆ ಇಟ್ಟುಕೊಂಡು ಉಜ್ಜುತ್ತ ನಿಂತಳು. ಬರ್ಥಾ ಒಳಗೆ ಬಂದಾಗಲೂ ಉಜ್ಜುತ್ತಲೇ ಇದ್ದಳು. ಟೀವಿಯಲ್ಲಿ ಯಾವುದೋ ಮಕ್ಕಳ ಬೊಂಬೆ ಕುಣಿಯುತ್ತಿತ್ತು.

ಡಾಕ್ಟರು ಹೃದಯ ನಿಂತಿದೆ ಎಂದರು. ಯಾವಾಗ ಎಂದು ಅಡಾ ಕೇಳಿದಳು. ಅರ್ಧ ಗಂಟೆಯ ಹಿಂದೆ ಇರಬಹುದು, ಇನ್ನೂ ಮೊದಲೂ ಇರಬಹುದು, ನೋವೇನೂ ಆಗಿರಲಿಕ್ಕಿಲ್ಲ ಎಂದರು. ನೋವಿನ ಮಾತು ಬಂದಾಗ ಅವರು ತಮ್ಮ ಚೀಲದ ಕಡೆ ಬಗ್ಗಿದ್ದರು. ಅದನ್ನು ಬರ್ಥಾ ಮತ್ತೆ ಹೇಳಬೇಕಾಯಿತು.

ಮಣ್ಣು ಮಾಡಿ ಬಂದ ಮೇಲೆ ಮನೆಯಲ್ಲಿ ಚಹಾ, ಬ್ರೆಡ್ಡು, ಹ್ಯಾಮ್. ಜನ ಗೋಡೆಗೆ ಒರಗಿ, ತಟ್ಟೆ ಹಿಡಿದು ನಿಂತಿದ್ದರು. ಮೇವಿಸ್ ಕಿಟಕಿಯ ಬಳಿ ಸೋದರತ್ತೆಯ ಜೊತೆ ಮಾತಾಡುತ್ತಿದ್ದಳು. ಅಡಾ ಕೋಣೆಯ ಈ ತುದಿಯಲ್ಲಿ ಚಹಾ ಬಗ್ಗಿಸುತ್ತಿದ್ದವಳು ತಲೆಯೆತ್ತಿದಳು. ಕಿವುಡರ ಮನೆಯಲ್ಲಿ ಮೆಲ್ಲಗೆ ಮಾತಾಡಿದರೆ ಸಾಕೆಂದು ಜನ ತಿಳಿಯುತ್ತಾರೆ. ಅಪ್ಪ ಕರೆದಿರ್ತಾನೆ ಅತ್ತೆ, ಅಮ್ಮನಿಗೆ ಕೇಳಿಸಿಲ್ಲ, ಎಂದು ಮಗಳ ತುಟಿ ಹೇಳಿತು. ಅಡಾ ಆ ಲೋಟವನ್ನು ತುಂಬಿಸಿ, ಸಕ್ಕರೆ ಹಾಕಿ, ಯಾರಿಗೆ ಕೊಡಬೇಕಿತ್ತೋ ಅವರಿಗೆ ಕೊಟ್ಟಳು.

ಎಲ್ಲರೂ ಹೋದ ಮರುದಿನ ಅವಳು ಬರ್ಥಾಳ ಮನೆಗೆ ಹೋದಳು. ಎರಡು ಮನೆಗೂ ಇರುವುದು ಒಂದೇ ತೆಳು ಗೋಡೆ. ಶನಿವಾರ ವಾಲ್ಟರ್ ಕರೆದದ್ದೇನಾದರೂ ಕೇಳಿಸಿತೇ ಎಂದು ಕೇಳಿದಳು.

ಬರ್ಥಾ ಅವಳ ಕೈ ಹಿಡಿದುಕೊಂಡು, ಮುಖಕ್ಕೆ ಮುಖ ಕೊಟ್ಟು ಹೇಳಿದಳು: "ನಿನ್ನ ದನಿ ಕೇಳ್ತಿತ್ತು ಅಡಾ. ನೀನು ಮಾತಾಡ್ತಿದ್ರೆ ಈ ಮನೇಲಿ ಬೇರೆ ಏನು ತಾನೆ ಕೇಳ್ಸುತ್ತೆ?"

ಸಮಾಧಾನಕ್ಕೆಂದೇ ಹೇಳಿದ ಮಾತು. ಕೊನೆಯವರೆಗೂ ಅವನ ಕಿವಿಯಲ್ಲಿ ನೀನೇ ಇದ್ದೆ ಎನ್ನುವುದು ಅವಳ ಉದ್ದೇಶ. ಅಡಾಳಿಗೆ ಅದು ಬೇರೆ ರೀತಿ ತಟ್ಟಿತು. ಕರೆದಿದ್ದರೂ ತನ್ನ ಕೂಗೇ ಅದನ್ನು ಮುಚ್ಚಿಹಾಕಿತು ಎಂದಾಯಿತಲ್ಲ. ಅಂದಿನಿಂದ ಅವಳು ದನಿ ಎತ್ತಲಿಲ್ಲ. ಅಂಗಡಿಯಲ್ಲಿ ಬೆರಳು ಮಾಡಿ ತೋರಿಸುತ್ತಿದ್ದಳು. ಗಿರಣಿಯ ಹಳೆಯ ಗೆಳತಿಯರು ಸಿಕ್ಕರೆ ತುಟಿಯಲ್ಲೇ ಎರಡು ಮಾತು. ಟೀವಿಯನ್ನು ಬಾಡಿಗೆಯವರು ಬಂದು ಒಯ್ದರು. ಮೊದಲೆಲ್ಲ ಗೋಡೆಯನ್ನು ಗುದ್ದಿ, ಅವಳನ್ನು ಸುಮ್ಮನಿರಿಸೋ ವಾಲ್ಟರ್ ಎನ್ನುತ್ತಿದ್ದ ಬರ್ಥಾಳೇ, ನಿಮ್ಮ ಮನೆಯ ಮೌನದಲ್ಲಿ ನನಗೆ ಹುಚ್ಚು ಹಿಡಿಯುತ್ತೆ ಎಂದು ಮೇವಿಸಳಿಗೆ ಕಾಗದ ಹಾಕಿದಳು.

ಮೇವಿಸ್ ಈಸ್ಟರ್ ರಜೆಗೆ ಬಂದಳು. ಜೊತೆಗೆ ಬಂದುಬಿಡು ಎಂದಳು, ಅಡಾ ಬರುವುದಿಲ್ಲವೆಂದು ತಲೆಯಾಡಿಸಿದಳು. ಊಟ ಮುಗಿದ ಮೇಲೆ ಮಗಳು ಪಾತ್ರೆ ತೊಳೆಯುತ್ತಿದ್ದಾಗ ಅಡಾ ಒರೆಸುವ ಬಟ್ಟೆ ಹಿಡಿದು ಪಕ್ಕದಲ್ಲಿ ನಿಂತಳು. ಅಷ್ಟು ತಿಂಗಳು ಆಡದ ದನಿ ಒಡೆದು ಬಂತು.

"ಅಪ್ಪ ಕರೆದಿರ್ತಾನೆ ಅಂದ್ಯಲ್ಲ, ಅವತ್ತು. ಕಿಟಕಿ ಹತ್ರ."

ಮೇವಿಸಳ ಕೈ ನೀರಿನೊಳಗೇ ನಿಂತಿತು. ದುಃಖದಲ್ಲಿ ಏನೋ ಅಂದುಬಿಟ್ಟೆ ಅಮ್ಮ, ಎಂದಳು. ಬೈಯೋಕೆ ಹೇಳ್ತಿಲ್ಲ ಎಂದಳು ಅಡಾ. ತನಗೂ ಹಾಗೇ ಅನ್ನಿಸುತ್ತದೆ, ಕರೆದನೋ ಇಲ್ಲವೋ ಎಂದು ಇನ್ನು ಯಾರೂ ಹೇಳಲಾರರು, ಕುರ್ಚಿಯನ್ನು ಹಿಂದಕ್ಕೆ ಎಳೆದವಳು ತಾನೇ ಎಂದಳು. ಕುರ್ಚಿಯ ವಿಷಯ ಮಗಳಿಗೆ ಆವರೆಗೆ ಗೊತ್ತಿರಲಿಲ್ಲ. ಅವಳು ಸಿಂಕಿನ ಅಂಚನ್ನು ಹಿಡಿದುಕೊಂಡು, ತಾಯಿಗೆ ಕಾಣದ ಹಾಗೆ ಮುಖ ತಿರುಗಿಸಿಕೊಂಡಳು. ಭುಜಗಳಷ್ಟೇ ಅಲುಗುತ್ತಿದ್ದವು.

ಅಡಾ ಬಟ್ಟೆ ಕೆಳಗಿಟ್ಟು ಮಗಳ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು.

"ಈ ಕಡೆ ತಿರುಗಿ ಅಳು ಮಗಳೆ. ಆ ಕಡೆ ತಿರುಗಿದ್ರೆ ನನಗೆ ಗೊತ್ತಾಗಲ್ಲ."