ಗಾಳೆಪ್ಪನ ಬಂದೂಕಿಗೆ ಕಣ್ಣು ಬಂದದ್ದು

ಅಸುಂಡಿಯ ಗಾಳೆಪ್ಪನ ಬಂದೂಕಿನಿಂದ ಇಷ್ಟು ವರ್ಷಗಳಲ್ಲಿ ಏಟು ತಿಂದದ್ದು ಆಕಾಶವೊಂದೇ. ಗುಡ್ಡದ ಕಡೆಯಿಂದ ಕಾಡುಹಂದಿಗಳು ಗೋವಿನಜೋಳಕ್ಕೆ ಇಳಿದಾಗ ಅವನು ಅಟ್ಟಣಿಗೆಯ ಮೇಲೆ ನಿಂತು, ನಳಿಕೆಯನ್ನು ಮೇಲಕ್ಕೆತ್ತಿ ಒಂದು ಢಂ ಅನ್ನಿಸುತ್ತಿದ್ದ. ಹಂದಿಗಳು ಓಡುತ್ತಿದ್ದವು, ಆಕಾಶ ಅಲ್ಲೇ ಇರುತ್ತಿತ್ತು. ಅವನಿಗಿದ್ದದ್ದು ಬೆಳೆ ಕಾಯುವ ಲೈಸೆನ್ಸು. ಹಂದಿಯನ್ನು ಹೆದರಿಸಬಹುದು, ಹೊಡೆಯುವಂತಿಲ್ಲ. ಹೀಗಾಗಿ ಊರಿಗೆಲ್ಲ ಗುರಿಕಾರನೆಂದು ಹೆಸರಾದವನಿಗೆ ಗುರಿ ಎಂಬುದು ಒಮ್ಮೆಯೂ ಬೇಕಾಗಿರಲಿಲ್ಲ.

ಸುಗ್ಗಿಯಲ್ಲಿ ಹೊಲದವರೆಲ್ಲ ಅವನ ಪಾಲಿನ ಕಾಳನ್ನು ಅಳೆದು ಕೊಡುತ್ತಿದ್ದರು. ಅದು ಅವನ ಆಯ. ಬಡಿಗನ ಆಯ, ಕಮ್ಮಾರನ ಆಯ ನಿಂತು ಎಷ್ಟೋ ಕಾಲವಾಗಿತ್ತು. ಹಂದಿಗಳ ಕೃಪೆಯಿಂದ ಗಾಳೆಪ್ಪನದು ಮಾತ್ರ ನಡೆದಿತ್ತು. ಆಯ ನಿಂತರೆ ಬಾಳು ಆಯ ತಪ್ಪುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಕಾಳಿಗಿಂತ ಹೆಚ್ಚಿನದೂ ಅದರಲ್ಲಿತ್ತು. ಓಣಿಯಲ್ಲಿ ಬಂದೂಕು ಹೆಗಲಿಗೇರಿಸಿ ಹೊರಟರೆ ಕಟ್ಟೆಯ ಮೇಲಿನವರು ಕಾಲು ಮಡಚಿಕೊಳ್ಳುತ್ತಿದ್ದರು. ಬಂದೂಕು ಹೋದರೆ ಗಾಳೆಪ್ಪ ಬರೀ ಗಾಳಿ.

ಎರಡು ವರ್ಷಗಳಿಂದ ಅವನ ಕಣ್ಣಿಗೆ ಪೊರೆ ಬರುತ್ತಿತ್ತು. ಇದು ಹೆಂಡತಿ ಫಕ್ಕೀರವ್ವನನ್ನು ಬಿಟ್ಟರೆ ಯಾರಿಗೂ ತಿಳಿದಿರಲಿಲ್ಲ. ಜನರನ್ನು ಅವನು ಕೆಮ್ಮಿನಿಂದ, ಚಪ್ಪಲಿಯ ಸಪ್ಪಳದಿಂದ, ಎತ್ತಿನ ಗಂಟೆಯಿಂದ ಗುರುತಿಸುತ್ತಿದ್ದ. ಮಾತಾಡದೆ ಎದುರಿಗೆ ನಿಂತವರು ಅವನ ಪಾಲಿಗೆ ಒಣಗಲು ಹಾಕಿದ ಬಟ್ಟೆ.

"ಗದಗಿನಾಗ ಪುಕ್ಕಟ ಆಪರೇಶನ್ ಮಾಡ್ತಾರಂತ, ಹೋಗಿ ಬರ್ರಿ" ಎಂದು ಫಕ್ಕೀರವ್ವ ಎಷ್ಟೋ ಸಲ ಹೇಳಿದ್ದಳು.

"ಕಣ್ಣಿಗೆ ಪಟ್ಟಿ ಕಟಗೊಂಡ ಬಂದ್ರ ಊರಿಗೆಲ್ಲಾ ಗೊತ್ತಾಕ್ಕತಿ. ಕುರುಡನ ಕೈಯಾಗ ಬಂದೂಕ ಯಾರ ಬಿಡತಾರ? ಲೈಸನ್ಸ್ ಹೊಕ್ಕತಿ, ಆಯಾನೂ ಹೊಕ್ಕತಿ."

"ಕಣ್ಣ ಹೋದ್ರ ನಡೀತದೇನ ಹಂಗಾರ?"

ಕೊನೆಗೊಂದು ದಿನ ಗಾಳೆಪ್ಪ ಎರಡು ಚೀಲ ಹೆಸರು ಮಾರಿದ ದುಡ್ಡನ್ನು ಒಳಜೇಬಿಗಿಟ್ಟು, ಬಂದೂಕನ್ನು ಗೋಣಿಯಲ್ಲಿ ಸುತ್ತಿಕೊಂಡು ಗದಗಿನ ಬಸ್ಸು ಹತ್ತಿದ. ಹೋದದ್ದು ಕಣ್ಣಿನ ದವಾಖಾನೆಗಲ್ಲ, ಶಫೀಕನ ಬಂದೂಕಿನ ಅಂಗಡಿಗೆ.

"ದುರ್ಬೀನ ಬೇಕ ತಮ್ಮಾ, ಬಂದೂಕಿನ ಮ್ಯಾಲ ಹಚ್ಚೂದು. ಬಂದೂಕಿನ ಕಣ್ಣ ಮಂಜಾಗ್ಯಾವ."

"ಬಂದೂಕಿಂದೇನ ಕಾಕಾ?"

"ಮತ್ತ್ಯಾರದು?"

ಒಳಗೆ ಬರುವಾಗ ಗಾಳೆಪ್ಪ ಕೈಮುಗಿದದ್ದು ಗೂಟಕ್ಕೆ ತೂಗುಹಾಕಿದ್ದ ಮಳೆಕೋಟಿಗೆ ಎಂಬುದನ್ನು ಶಫೀಕ ಕಂಡಿದ್ದ. ಆದರೆ ಅವನು ಕುಳಿತಿದ್ದದ್ದು ಮಾರುವುದಕ್ಕೆ, ಕಣ್ಣು ಪರೀಕ್ಷಿಸುವುದಕ್ಕಲ್ಲ. ಮೂರು ಡಬ್ಬಿಗಳನ್ನು ಮೇಜಿನ ಮೇಲಿಟ್ಟ. ಒಂದು ಮೂರು ಪಟ್ಟಿನಿಂದ ಒಂಬತ್ತು ಪಟ್ಟಿನವರೆಗೆ ಹಿಗ್ಗಿಸಿ ತೋರಿಸುವಂಥದು. ಇನ್ನೆರಡು ಒಂದರಿಂದ ಆರರವರೆಗಿನವು.

"ಒಂಬತ್ತಿಂದ ಕೊಡು. ಆರಕ್ಕಿಂತ ಒಂಬತ್ತ ದೊಡ್ಡದಲ್ಲೇನು?"

"ಲೆಕ್ಕದಾಗ ದೊಡ್ಡದು ಕಾಕಾ, ಹೊಲದಾಗ ಸಣ್ಣದು. ಇದು ಮೂರರ ಕೆಳಗ ಇಳಿಯೂದಿಲ್ಲ. ಹಂದಿ ಹತ್ತರ ಬಂತಂದ್ರ ನಿಮಗ ಹಂದಿ ಕಾಣೂದಿಲ್ಲ, ಹಂದಿ ಕೂದಲ ಕಾಣತಾವ. ನಿಮ್ಮ ಹೊಲಕ್ಕ ಕಮ್ಮಿ ಪವರಿಂದ ಛಲೋ. ಒಂದಕ್ಕ ಇಟ್ರ ಬರೇ ಕಣ್ಣಿಲೆ ನೋಡಿಧಂಗ, ಎರಡೂ ಕಣ್ಣ ತಗದ ಸುತ್ತ ನೋಡಬಹುದು. ಆರಕ್ಕ ತಿರುವಿದ್ರ ಬದುವಿನ ಆಚಿಗೆ ನಿಂತಾವನ ಮೀಸಿ ಎಣಸಬಹುದು."

"ಈ ಎರಡರಾಗ ಫರಕ ಏನು?"

"ಇದರಾಗ ನಡುವ ಕೆಂಪ ಚುಕ್ಕಿ ಹತ್ತತೈತಿ, ಗಾಜೂ ಭಾರಿ ಐತಿ. ಹೊತ್ತ ಮುಳಗಿದ ಮ್ಯಾಲೂ ಕಾಣತೈತಿ. ಖರೆ ಇದರ ರೊಕ್ಕಕ್ಕ ಒಂದ ಹೋರಿ ಬರತೈತಿ."

"ಚುಕ್ಕಿ ಯಾತಕ್ಕ? ಹಂದಿಗೆ ಕುಂಕಮ ಹಚ್ಚೂದೈತೇನು?"

"ಛಲೋ ನೋಟ ಬೇಕಂದ್ರ ನೋಟೂ ಹಂಗ ಬೇಕ ಕಾಕಾ" ಎಂದು ಶಫೀಕ ನಕ್ಕ. ಕೊನೆಗೆ ಎರಡು ಚೀಲ ಹೆಸರಿನೊಳಗೆ ಕುಳಿತದ್ದು ಚುಕ್ಕಿಯಿಲ್ಲದ್ದು. ಅದರ ಗಾಜು ಸುಮಾರು, ಡಬ್ಬಿ ಹರಿದಿತ್ತು. ಕಟ್ಟಿಕೊಡುವ ಮುಂಚೆ ಶಫೀಕ ಒಂದು ಗಳಿಗೆ ತಡೆದ. ಧರ್ಮಕ್ಕೆ ಒಂದು ಮಾತು ಹೇಳಿಬಿಡೋಣ ಎನಿಸಿರಬೇಕು.

"ಖರೆ ಹೇಳತೇನಿ, ಇವು ರೈಫಲ್ಲಿಗೆ ಮಾಡಿದ್ವು. ನಿಮ್ಮ ಒಂಟಿ ನಳಿಗಿಗೆ ಇದನ್ನ ಹಚ್ಚೂದಂದ್ರ ಎಮ್ಮಿಗೆ ಚಷ್ಮಾ ಹಾಕಿಧಂಗ. ಬರೇ ನೋಡಾಕ ಅಂದ್ರ ಕೈಯಾಗ ಹಿಡಿಯೂ ದುರ್ಬೀನ ಒಯ್ಯಿರಿ. ಸಸ್ತಾ ಬೀಳತೈತಿ."

"ನೋಡಾಕ ನನಗೇನ ಧಾಡಿ ಆಗೇತಿ?" ಎಂದು ಗಾಳೆಪ್ಪ ಸಿಡುಕಿದ. "ಬಂದೂಕಿಗೇ ಹಚ್ಚು."

ಕೈಯಲ್ಲಿ ಹಿಡಿಯುವ ದುರ್ಬೀನು ಕೊಂಡರೆ ಕಣ್ಣು ಕೆಟ್ಟಿದೆ ಎಂದಂತೆ. ಬಂದೂಕಿಗೆ ಹಚ್ಚಿಸಿದರೆ ಬಂದೂಕು ಸುಧಾರಿಸಿದೆ ಎಂದಂತೆ. ಇಡೀ ಗದಗ ಜಿಲ್ಲೆಯಲ್ಲಿ ಈ ವ್ಯತ್ಯಾಸಕ್ಕೆ ದುಡ್ಡು ಕೊಟ್ಟವನು ಅವನೊಬ್ಬನೇ ಇರಬೇಕು.

ಅಂದು ಸಂಜೆ ಅಟ್ಟಣಿಗೆ ಹತ್ತಿದವನು ಮೊದಲು ಬಂದೂಕಿನ ತೋಟೆ ತೆಗೆದು ಜೇಬಿಗೆ ಹಾಕಿಕೊಂಡ. ಆಮೇಲೆ ಶಫೀಕ ಹೇಳಿಕೊಟ್ಟಂತೆ ದುರ್ಬೀನಿನ ಹಿಂದಿನ ಬಳೆಯನ್ನು ತನ್ನ ಕಣ್ಣಿಗೆ ಹೊಂದುವವರೆಗೆ ತಿರುವಿದ. ಬಂದೂಕನ್ನು ಭುಜಕ್ಕೊತ್ತಿ ಕಣ್ಣಿಟ್ಟ. ಎದುರಿನ ಹಸಿರು ಮುದ್ದೆ ಸಡಿಲವಾಗಿ ಎಲೆ ಎಲೆಯಾಗಿ ಬಿಡಿಸಿಕೊಂಡು ಬೇವಿನ ಗಿಡವಾಯಿತು. ಗಿಡದ ಕೆಳಗೆ ಯಾರೋ ರೊಟ್ಟಿ ಮುರಿಯುತ್ತಿದ್ದರು. ಬಳೆ ತಿರುವಿ ಆರಕ್ಕೆ ತಂದ. ಹೇಮಪ್ಪ.

ಹೇಮಪ್ಪ ಬದುವಿನಾಚೆಯ ಹೊಲದವನು. ಚಡ್ಡಿ ಹಾಕುವ ಮೊದಲಿನ ಗೆಳೆಯ. ದಿನಾ ಬೆಳಿಗ್ಗೆ ಬಸ್‌ಸ್ಟ್ಯಾಂಡಿನ ಹನಮಂತವ್ವನ ಅಂಗಡಿಯಲ್ಲಿ ಇಬ್ಬರೂ ಕೂಡಿ ಚಾ ಕುಡಿಯುತ್ತಿದ್ದರು. ಅಂಗಡಿಯ ಕತ್ತಲೆ ಮೂಲೆಯಲ್ಲಿ ಎರಡು ವರ್ಷಗಳಿಂದ ಹೇಮಪ್ಪ ಬರೀ ಒಂದು ಧ್ವನಿಯಾಗಿದ್ದ. ಆ ಧ್ವನಿಗೆ ಮುದುಕನ ಮುಖ ಬಂದಿರುವುದು ಗಾಳೆಪ್ಪನಿಗೆ ಗೊತ್ತೇ ಇರಲಿಲ್ಲ. ಮುಂದಿನ ಹಲ್ಲು ಬಿದ್ದಿತ್ತು. ರೊಟ್ಟಿಯನ್ನು ಕಡೆಬಾಯಿಗೆ ತಳ್ಳಿ ಅಗಿಯುತ್ತಿದ್ದ. ಗಲ್ಲ ಒಳಗೆ ಹೋಗಿತ್ತು. ಗಾಳೆಪ್ಪನಿಗೆ ಒಮ್ಮೆ ನಗು ಬಂತು, ಆಮೇಲೆ ಬರಲಿಲ್ಲ.

ಅಲ್ಲಿಂದ ಅದೊಂದು ಚಟವಾಯಿತು. ಸಂಜೆಯಾದರೆ ತೋಟೆ ತೆಗೆದು ಊರನ್ನು ನೋಡುವುದು. ಹುಲ್ಲಿನ ಹೊರೆ ಹೊತ್ತ ಉಡಚವ್ವ, ಕುರಿಗಳ ಹಿಂದೆ ಹೋಗುವ ಯಂಕಪ್ಪ, ಎಲ್ಲರ ಮೇಲೂ ಅವನು ಪ್ರೀತಿಯಿಂದ ಕಣ್ಣಾಡಿಸಿದ. ಕಣ್ಣು ಹೋದಲ್ಲೆಲ್ಲ ನಳಿಕೆಯೂ ಹೋಗುತ್ತದೆ ಎಂಬುದು ಅವನಿಗೆ ಹೊಳೆಯಲಿಲ್ಲ. ತೋಟೆ ತನ್ನ ಜೇಬಿನಲ್ಲಿರುವುದು ತನಗೆ ಗೊತ್ತಲ್ಲ ಎಂದು ನಿಶ್ಚಿಂತನಾಗಿದ್ದ. ದಿನವೂ ಕೊನೆಗೆ ಬಂದು ನಿಲ್ಲುತ್ತಿದ್ದದ್ದು ಹೇಮಪ್ಪನ ಮುಖದ ಮೇಲೆ.

ಅದೇ ವಾರ ಬದುವಿನ ಬೇವಿನ ಟೊಂಗೆಯನ್ನು ಹೇಮಪ್ಪ ಕಡಿದಿದ್ದ. ಚಾ ಅಂಗಡಿಯಲ್ಲಿ ಅದರ ಮೇಲೆ ಮಾತು ಬೆಳೆಯಿತು.

"ಗಿಡಾ ಇಬ್ಬರದಲೇ. ನನ್ನ ಕೇಳಬೇಕಿಲ್ಲೇನ ನೀನು?"

"ನೆಳ್ಳ ನಿನ್ನ ಹೊಲದಾಗ ಬೀಳತಿತ್ತು, ಕಸಾ ನನ್ನ ಹೊಲದಾಗ. ಕಸದ ಪಾಲ ನಾ ಕಡದೇನಿ."

"ಇನ್ನೊಂದ ಟೊಂಗಿ ಮುಟ್ಟು, ಗುಂಡ ಹಾಕತೇನಿ ನಿನಗ."

ಈ ಮಾತನ್ನು ಗಾಳೆಪ್ಪ ಜನ್ಮದಲ್ಲಿ ಸಾವಿರ ಸಲ ಆಡಿದ್ದ. ಹನಮಂತವ್ವ ನಕ್ಕಳು, ಹೇಮಪ್ಪನೂ ನಕ್ಕ.

ಮರುದಿನ ಸಂಜೆ ಹೇಮಪ್ಪ ರೊಟ್ಟಿಗಂಟು ಬಿಚ್ಚಿದಾಗ ಇಳಿಬಿಸಿಲಲ್ಲಿ ಏನೋ ಮಿಂಚಿತು. ತಲೆಯೆತ್ತಿದ. ಅಟ್ಟಣಿಗೆಯ ಮೇಲೆ ಗಾಳೆಪ್ಪ ಒಂದು ಕಣ್ಣು ಮುಚ್ಚಿ ಕುಳಿತಿದ್ದ, ನಳಿಕೆಯ ಬಾಯಿ ನೇರ ಹೇಮಪ್ಪನ ಎದೆಗೆ ತೆರೆದಿತ್ತು. ಕೈಯಲ್ಲಿನ ರೊಟ್ಟಿ ಬಿತ್ತು. ಹೇಮಪ್ಪ ಬೋರಲು ಬಿದ್ದು, ಗೋವಿನಜೋಳದ ಸಾಲಿನಲ್ಲಿ ಹಂದಿಯಂತೆ ಅಂಬೆಗಾಲಿಟ್ಟು, ಮೊಣಕಾಲು ಕೆತ್ತಿಸಿಕೊಂಡು ಊರು ಸೇರಿದ. ಅವನೇಕೆ ಊಟ ಬಿಟ್ಟು ಮರೆಯಾದ ಎಂದು ಗಾಳೆಪ್ಪ ದುರ್ಬೀನಿನಲ್ಲಿ ಬಹಳ ಹೊತ್ತು ಹುಡುಕಿದ.

ಬೆಳಿಗ್ಗೆ ಹನಮಂತವ್ವ ಎಂದಿನಂತೆ ಎರಡು ಚಾ ತಂದಿಟ್ಟಳು. ಒಂದು ಆರಿತು. ಮಧ್ಯಾಹ್ನದ ಹೊತ್ತಿಗೆ ಹನಮಪ್ಪನ ಗುಡಿಯ ಕಟ್ಟೆಗೆ ಕರೆ ಬಂತು. ಊರ ನ್ಯಾಯ ಹೇಳುವವರು ನಿವೃತ್ತರಾದ ದತ್ತಾತ್ರಿ ಮಾಸ್ತರು. ಪೊಲೀಸರಿಗೆ ಹೇಳುವ ಮುಂಚೆ ತಾವೇ ಕೇಳಿ ನೋಡೋಣವೆಂದು ಇಬ್ಬರನ್ನೂ ಕೂರಿಸಿದ್ದರು.

"ಗಾಳೆಪ್ಪಾ, ಹೇಮಪ್ಪಗ ಬಂದೂಕ ಹಿಡದಿದ್ದಿ ಅಂತಾನ. ಖರೆ ಅದ ಏನು?"

"ನೋಡಾಕತ್ತಿದ್ನಿರೀ ಮಾಸ್ತರ, ಅಷ್ಟ."

"ನೋಡಲಿಕ್ಕೆ ಬಂದೂಕ ಯಾಕ?"

ಉತ್ತರ ಗಾಳೆಪ್ಪನ ಬಾಯಲ್ಲೇ ಇತ್ತು. ಅದನ್ನು ಉಗುಳಿದರೆ ಬಂದೂಕು ಹೋಗುತ್ತದೆ, ನುಂಗಿದರೆ ಹೇಮಪ್ಪ ಹೋಗುತ್ತಾನೆ. ಗುಡಿಯ ಕಂಬದ ಹತ್ತಿರ ಫಕ್ಕೀರವ್ವ ಎಲ್ಲೋ ನಿಂತಿದ್ದಳು, ಅವನಿಗೆ ಕಾಣಲಿಲ್ಲ. ಎದುರಿಗೆ ಹೇಮಪ್ಪ ಕುಳಿತಿದ್ದ. ಅವನೂ ಒಂದು ಬಿಳಿ ಮಬ್ಬು. ಆ ಮಬ್ಬಿನಿಂದ ಮೂಗು ಸೇದುವ ಸಪ್ಪಳ ಕೇಳಿದಾಗ ಗಾಳೆಪ್ಪ ತಡೆಯಲಾರದೆ ಹೋದ.

"ನನಗ ಕಣ್ಣ ಕಾಣಂಗಿಲ್ಲರೀ. ಎರಡ ವರ್ಷಾತು. ಆ ದುರ್ಬೀನದಾಗ ಅಷ್ಟ ಕಾಣತೈತಿ. ತೋಟಿ ತಗದ ನೋಡತಿದ್ನಿ, ನಮ್ಮವ್ವನ ಆಣಿ." ಹೇಮಪ್ಪನ ಕಡೆ ತಿರುಗಿದ. "ನಿನ್ನ ಹಲ್ಲ ಬಿದ್ದಿದ್ದ ಯಾಕ ಹೇಳಲಿಲ್ಲಲೇ?"

ಕಟ್ಟೆಯ ಮೇಲೆ ಯಾರೋ ಲೊಚಗುಟ್ಟಿದರು. ನಂಬಿದರೆಂದು ಗಾಳೆಪ್ಪನಿಗೆ ತಿಳಿಯಿತು, ಉಸಿರು ಸಲೀಸಾಯಿತು. ಆಗ ಉಡಚವ್ವ ಹಿಂದಿನಿಂದ ಕೇಳಿದಳು.

"ಅಲ್ಲೋ ಅಣ್ಣಾ, ಹೋದ ಶ್ರಾವಣದಾಗ ನಾ ಹುಲ್ಲ ಕೊಯ್ಯೂ ಮುಂದ ಹಾರಿಸಿದೆಲ್ಲ, ಅದು?"

"ಅದು ಆಕಾಶಕ್ಕ, ತಂಗೀ."

"ಆಕಾಶ ಕಾಣತಿತ್ತೇನ ನಿನಗ?"

ಒಬ್ಬೊಬ್ಬರಾಗಿ ಎಲ್ಲರೂ ಮನಸ್ಸಿನಲ್ಲೇ ಎರಡು ವರ್ಷಗಳ ಢಂಗಳನ್ನು ನೆನೆಸಿಕೊಳ್ಳತೊಡಗಿದರು. ಆ ಹೊತ್ತಿನಲ್ಲಿ ತಾವು ಎಲ್ಲಿದ್ದೆವು, ಮಕ್ಕಳು ಎಲ್ಲಿದ್ದರು. ಸುಳ್ಳು ಹೇಳಿದ್ದರೆ ಹೇಮಪ್ಪನೊಬ್ಬ ಹೆದರಿಕೊಂಡಿರುತ್ತಿದ್ದ. ನಿಜ ಹೇಳಿದ್ದಕ್ಕೆ ಊರೇ ಹೆದರಿತು, ಅದೂ ಹಿಂದಿನ ಬಾಕಿ ಸೇರಿಸಿ.

"ನನ್ನ ನೋಡಬೇಕಾಗಿದ್ರ ಹತ್ತರ ಬರಬೇಕಿತ್ತಲೋ" ಎಂದು ಹೇಮಪ್ಪ ಮೆಲ್ಲಗೆ ಹೇಳಿದ.

"ಹತ್ತರ ಬಂದ್ರ ನೀ ಕಾಣತಿದ್ದಿಲ್ಲ."

"ಆ ನಳಿಗಿ ತೂತು ಕಣ್ಣಾಗಿಂದ ಹೋಗವಲ್ದು. ತೋಟಿ ಇದ್ದಿಲ್ಲ ಅಂತಿ. ನಂಬತೇನಿ. ಆದ್ರೂ ಹೋಗವಲ್ದು."

ಅಷ್ಟು ಹೇಳಿ ಹೇಮಪ್ಪ ಎದ್ದುಹೋದ. ಮೊಣಕಾಲು ಕೆತ್ತಿದ ಕಾಲು ಎಳೆಯುವ ಸಪ್ಪಳ ದೂರವಾಗುವುದನ್ನು ಗಾಳೆಪ್ಪ ಕಿವಿಯಿಂದಲೇ ಬಹಳ ದೂರದವರೆಗೆ ಹಿಂಬಾಲಿಸಿದ.

ಬಂದೂಕನ್ನು ಮಾಸ್ತರರೇ ಜೊತೆಗೆ ಹೋಗಿ ಠಾಣೆಯಲ್ಲಿ ಇಡಿಸಿ ಬಂದರು. ಅದರ ಮೇಲಿನ ದುರ್ಬೀನನ್ನು ಗಾಳೆಪ್ಪ ಬಿಚ್ಚಿಕೊಂಡು ಹೋದಾಗ ಶಫೀಕ ವಾಪಸು ತೆಗೆದುಕೊಳ್ಳಲಿಲ್ಲ. ಒಂದು ಚಾ ತರಿಸಿಕೊಟ್ಟ. ಹಂದಿಗಳಿಗೆ ಊರವರು ಪಟಾಕಿ ತಂದರು. ಆ ಸುಗ್ಗಿಯಲ್ಲಿ ಗಾಳೆಪ್ಪನ ಮನೆಗೆ ಕಾಳು ಬರಲಿಲ್ಲ, ಬರಲಿಲ್ಲವೇಕೆಂದು ಅವನು ಕೇಳಲೂ ಇಲ್ಲ. ಬಚ್ಚಿಡಲು ಏನೂ ಉಳಿಯದ ಮೇಲೆ ಫಕ್ಕೀರವ್ವ ಅವನನ್ನು ಗದಗಿಗೆ ಕರೆದುಕೊಂಡು ಹೋಗಿ ಎರಡೂ ಕಣ್ಣಿನ ಪೊರೆ ತೆಗೆಸಿದಳು.

ಕಪ್ಪು ಚಷ್ಮಾ ಕಳಚಿದ ಮೊದಲ ಬೆಳಿಗ್ಗೆ ಗಂಡ ಹೆಂಡತಿ ಹನಮಂತವ್ವನ ಅಂಗಡಿಯ ಮುಂದಿನ ಬಾಕಿನ ಮೇಲೆ ಕುಳಿತರು. ಗಾಳೆಪ್ಪನಿಗೆ ಎಲ್ಲವೂ ಕಂಡಿತು. ಬಸ್ಸಿನ ಬೋರ್ಡು, ಚಾದ ಕಿತ್ತಲಿಯ ತಳಕ್ಕೆ ಹತ್ತಿದ ಮಸಿ, ಹೆಂಡತಿಯ ನರೆತ ಹುಬ್ಬು. ದೂರದ ಹಳ್ಳದ ಪೂಲಿನ ಮೇಲೆ ಒಬ್ಬ ಬರುತ್ತಿದ್ದ. ಹೆಗಲ ಮೇಲೆ ಟವೆಲ್ಲು, ಅಂಗಿಗೆ ಮೇಲಿನ ಗುಂಡಿ ಇಲ್ಲ, ಒಂದು ಕಾಲು ಇನ್ನೂ ತುಸು ಎಳೆಯುತ್ತಿತ್ತು. ಆ ಮನುಷ್ಯ ಅಂಗಡಿಯ ಕಡೆ ನೋಡಿ ನಿಂತ. ಚಪ್ಪಲಿ ಸರಿಪಡಿಸಿಕೊಂಡವನಂತೆ ಬಗ್ಗಿದ. ಎದ್ದವನು ಪೂಲಿನಿಂದ ಇಳಿದು, ಮುಳ್ಳುಕಂಟಿಯ ನಡುವೆ ಹಳ್ಳದ ಹಾದಿ ಹಿಡಿದ.

ಫಕ್ಕೀರವ್ವ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು. "ಹೇಮಪ್ಪಣ್ಣ ಅಲ್ಲೇನ್ರಿ ಅವರು?"

ಗಾಳೆಪ್ಪ ಕಪ್ಪಿನ ಕೆಳಗಿನ ಬಸಿಗೆ ಚಾ ಸುರುವಿಕೊಂಡ.

"ಯಾರೋ ಏನೋ" ಎಂದ. "ನನಗ ಕಾಣಸಲಿಲ್ಲ."