ರೊಟ್ಟಿಯ ಅಂಚು ಸೀಳಿದರೆ

ಹಂಚಿನ ಮೇಲೆ ಜೋಳದ ಹಿಟ್ಟು ಸೀದ ವಾಸನೆ. ಕಳೆದ ವಾರ ಒಂದು ಬೆಳಿಗ್ಗೆ ನನ್ನ ಒಲೆಯ ಮುಂದೆಯೇ ಅದು ಎದ್ದಿತು. ಹಂಚಿಗೆ ಹಾಕಿದ ರೊಟ್ಟಿಗೆ ಒದ್ದೆ ಬಟ್ಟೆ ಸವರಬೇಕಿತ್ತು, ಬಲಗೈ ಮುಂದಕ್ಕೆ ಹೋಗಲಿಲ್ಲ. ಹೆಗಲಿಗೆ ಮೊಳೆ ಹೊಡೆದ ಹಾಗೆ ಅಲ್ಲಿಗೇ ನಿಂತಿತು. ಜೊತೆಗೆ ಕೆಲಸ ಮಾಡುವ ಹೆಣ್ಣುಮಗಳು ಓಡಿ ಬಂದು ರೊಟ್ಟಿ ಕಿತ್ತು ತೆಗೆಯುವಷ್ಟರಲ್ಲಿ ಕೋಣೆಯೆಲ್ಲ ಹೊಗೆ. ಕೆಮ್ಮುತ್ತ ಕೂತವಳಿಗೆ ದೊಡ್ಡಕ್ಕ ನೆನಪಾದಳು…

ದೊಡ್ಡಕ್ಕ ನನಗೆ ಬಳಗವೇನಲ್ಲ. ಕೊಟ್ಟೂರಿನ ಖಾನಾವಳಿಯೊಂದಕ್ಕೆ ನಾನು ರೊಟ್ಟಿ ಬಡಿಯಲು ಸೇರಿದಾಗ ಅಲ್ಲಿದ್ದ ಹಿರಿಯ ಹೆಂಗಸು. ಅವಳ ಊರು ಹರಪನಹಳ್ಳಿ ಕಡೆಯ ಹಲವಾಗಲು, ಇಲ್ಲಿ ತಂಗಿಯ ಮನೆಯಲ್ಲಿ ಇದ್ದುಕೊಂಡು ದುಡಿಯುತ್ತಿದ್ದಳು. ನನ್ನ ಮಗಳು ಆಗ ಅಂಗನವಾಡಿಗೆ ಹೋಗುತ್ತಿದ್ದ ಕೂಸು. ಗಂಡ ಲಾರಿಯ ಮೇಲೆ ಹೋದವನು ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ಮನೆ ನಡೆಯುವುದಕ್ಕೆ ನನ್ನ ಎರಡು ಕೈಗಳನ್ನು ಬಿಟ್ಟರೆ ಬೇರೆ ದಾರಿ ಇರಲಿಲ್ಲ.

ದೊಡ್ಡಕ್ಕನದು ಒಂದು ಕಟ್ಟಳೆ ಇತ್ತು. ಬಡಿಯುತ್ತಿದ್ದ ರೊಟ್ಟಿಯ ಅಂಚು ಸೀಳಿತೆಂದರೆ ಎದ್ದುಬಿಡುತ್ತಿದ್ದಳು. ನಾವು ಉಳಿದವರು ಅಂಚು ಸೀಳಿದರೆ ಹಿಟ್ಟಿಗೆ ಬೈಯುವವರು. ಜೋಳ ಹಳೆಯದು, ಎಸರು ಆರಿದೆ, ಗಿರಣಿಯವನು ಸರಿಯಾಗಿ ಬೀಸಿಲ್ಲ ಎಂದು ಒಂದೊಂದು ನೆಪ. ಮತ್ತೆ ಬಿಸಿನೀರು ಹಾಕಿ ನಾದಿ, ಮೊದಲಿಗಿಂತ ಜೋರಾಗಿ ಬಡಿಯುತ್ತಿದ್ದೆವು. ಅವಳು ಮಾತ್ರ, “ಹಿಟ್ಟಿಗೇನಾಗೇತಿ? ಕೈ ದಣದೈತಿ” ಎಂದು ಮಣೆ ಬಿಟ್ಟು ಹಿತ್ತಲಿಗೆ ನಡೆಯುವಳು. ಬೇವಿನ ಗಿಡದ ಕೆಳಗೆ ಗೋಡೆಗೆ ಒರಗಿ, ಎರಡೂ ಕೈ ಜೋಲು ಬಿಟ್ಟು, ಕಣ್ಣು ಮುಚ್ಚಿ ಕೂರುವಳು. ಎಲೆ ಅಡಿಕೆಯೂ ಇಲ್ಲ, ಮಾತೂ ಇಲ್ಲ. ಸ್ವಲ್ಪ ಹೊತ್ತಿಗೆ ಮುಖಕ್ಕೆ ನೀರು ಹಾಕಿಕೊಂಡು ಬಂದು ಕೂತರೆ ಮತ್ತೆ ಅಂಚು ಒಡೆಯದ, ತೆಳ್ಳಗಿನ ರೊಟ್ಟಿ.

ನಾವು ಬೆನ್ನ ಹಿಂದೆ ಅವಳನ್ನು ಮಹಾರಾಣಿ ಎನ್ನುತ್ತಿದ್ದೆವು. ನನಗಂತೂ ಹೊಟ್ಟೆ ಉರಿಯುತ್ತಿತ್ತು. ನಾವು ಬೆವರು ಸುರಿಸುತ್ತಿದ್ದರೆ ಇವಳಿಗೆ ಬೇವಿನ ಗಾಳಿ! ಮಾಲೀಕರಿಗೂ ಅದು ಸೇರುತ್ತಿರಲಿಲ್ಲ. ಕೆಟ್ಟವರಲ್ಲ, ಹಬ್ಬಕ್ಕೆ ಸೀರೆ ಕೊಡುತ್ತಿದ್ದರು. ಆದರೆ ಕೆಲಸದ ಹೊತ್ತಿನಲ್ಲಿ ಯಾರಾದರೂ ಸುಮ್ಮನೆ ಕೂತದ್ದು ಕಂಡರೆ ಅವರಿಗೆ ತಡೆಯುತ್ತಿರಲಿಲ್ಲ. “ಕೈ ಕೆಸರಾದ್ರ ಬಾಯಿ ಮೊಸರು, ಯಕ್ಕಾ” ಎಂದು ಚುಚ್ಚುವರು. “ಕೆಸರಾದ ಕೈ ತೊಳ್ಕಣಾಕ ಹೊತ್ತು ಬ್ಯಾಡೇನ್ರಿ?” ಎಂದು ಅವಳು ಕಣ್ಣು ತೆರೆಯದೆಯೇ ಕೇಳುವಳು.

ಒಂದು ಅಮಾವಾಸ್ಯೆಯ ದಿನ ಮಾತು ಅಲ್ಲಿಗೆ ನಿಲ್ಲಲಿಲ್ಲ. ದೇವರಿಗೆ ಬಂದ ಜನ ಊಟಕ್ಕೆ ಬಾಗಿಲವರೆಗೂ ನಿಂತಿದ್ದರು. ದೊಡ್ಡಕ್ಕನ ರೊಟ್ಟಿಯ ಅಂಚು ಸೀಳಿತು, ಅವಳು ಎದ್ದಳು. ಮಾಲೀಕರು ಹಿಂದೆಯೇ ಹಿತ್ತಲಿಗೆ ಹೋದರು.

“ಮಂದಿ ಎಲಿ ಮುಂದ ಕುಂತಾರ, ನೀನಿಲ್ಲಿ ಗಾಳಿ ತಗಳಾಕತ್ತೀಯಲ್ಲ! ಒಲಿ ಆರೋತನ ಕುಂದ್ರಂಗಿದ್ರ ನಾಳಿಗೆ ಬಾ, ಇಲ್ಲಾಂದ್ರ ಬರಬ್ಯಾಡ.”

“ಎತ್ತಿಗೂ ನೊಗ ಇಳಸ್ತಾರ್ರಿ, ಸಾವ್ಕಾರ್ರ. ನಾನು ಸಾಯೋತನ ದುಡದು ತಿನ್ನಾಕಿ. ಈ ಕೈನ ಇವತ್ತ ಖರ್ಚು ಮಾಡಿದ್ರ ಮುಂದ ಯಾರ ಮನಿ ಬಾಗಿಲಿಗೆ ಹೋಗ್ಲಿ?”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ದಣಿವಾರಿಸಿಕೊಂಡು ಬಂದು, ಕೊನೆಯ ಪಂಕ್ತಿಯವರೆಗೂ ಬಡಿದಳು. ಸಂಜೆ ತನ್ನ ಮಣೆಯನ್ನು ತೊಳೆದು ಗೋಡೆಗೆ ಆನಿಸಿಟ್ಟಳು. ಹೋಗುವಾಗ ನನ್ನ ಮುಂಗೈ ಒತ್ತಿ, “ನೀನು ಭಾಳ ಜೋರ ಬಡೀತಿ, ತಂಗಿ. ನಿದಾನ” ಎಂದಳು. ಮರುದಿನ ಬರಲಿಲ್ಲ. ಹಲವಾಗಲಿಗೆ ಮಗನ ಮನೆಗೆ ಹೋದಳೆಂದು ಆಮೇಲೆ ತಿಳಿಯಿತು.

ಅವಳ ಜಾಗ ನನಗೆ ಸಿಕ್ಕಿತು. ಒಲೆ ಆರುವವರೆಗೂ ಏಳದೆ ಕೂತೆ. ಹರೆಯದ ಮೈ, ನೋವು ಬಂದರೂ ರಾತ್ರಿ ಮಲಗಿ ಎದ್ದರೆ ಹೋಗುತ್ತಿತ್ತು. ಬಂದವರ ಮುಂದೆ ಮಾಲೀಕರು, “ದುಡಿತ ಅಂದ್ರ ಇಕಿದು ನೋಡ್ರಿ” ಎನ್ನುವರು. ಆ ಮಾತು ನನಗೆ ಬಲು ಇಷ್ಟವಾಗುತ್ತಿತ್ತು, ಯಾಕೆ ಸುಳ್ಳು ಹೇಳಲಿ. ಮುಂದೆ ನನ್ನದೇ ರೊಟ್ಟಿ ಮನೆ ಹಾಕಿದೆ. ಆಗಲಾದರೂ ನಡುವೆ ಏಳಬಹುದಿತ್ತು, ತಡೆಯುವವರು ಯಾರೂ ಇರಲಿಲ್ಲ. ಆದರೆ ದಾವಣಗೆರೆಯಿಂದ ಫೋನು, ಹೊಸಪೇಟೆಯಿಂದ ಫೋನು, ಮದುವೆಗೆ, ಗೃಹಪ್ರವೇಶಕ್ಕೆ ರೊಟ್ಟಿ… ಇಲ್ಲ ಎನ್ನಲು ಬಾಯಿ ಬರುತ್ತಿರಲಿಲ್ಲ. ಹಳೆಯ ಮಾಲೀಕರಿಗಿಂತ ನಾನೇ ನನಗೆ ಕಠಿಣಳಾದೆ.

ಕಾಲೇಜಿಗೆ ಹೋಗುವ ಮಗಳು ಈಚೆಗೆ ಫೋನಿನಲ್ಲಿ ಒಂದು ವಿಡಿಯೋ ತೋರಿಸಿದಳು. ಇಸ್ತ್ರಿ ಅಂಗಿಯ ಹುಡುಗನೊಬ್ಬ, ದಿನವಿಡೀ ದಣಿಯದೆ ಕೆಲಸ ಮಾಡುವುದು ಹೇಗೆಂದು ಹೇಳುತ್ತಿದ್ದ. ನೀರು ಕುಡಿಯಿರಿ, ಉಸಿರು ಎಳೆದುಕೊಳ್ಳಿ, ಮುಗುಳ್ನಗಿ. ಪಾಪ, ಒಳ್ಳೆಯದನ್ನೇ ಹೇಳುತ್ತಿದ್ದ. ನನಗೆ ಅದನ್ನು ಕೇಳುವ ತ್ರಾಣವೂ ಇರಲಿಲ್ಲ, ಅರ್ಧಕ್ಕೇ ನಿದ್ದೆ ಬಂದಿತ್ತು. ಹೆಗಲು ನೋಡಿದ ಡಾಕ್ಟರು, ಇನ್ನು ಬಡಿಯುವ ಕೆಲಸ ಸಾಕು ಎಂದಿದ್ದಾರೆ. ಸಾಕು ಎಂದರೆ ಮುಂದೇನು ಎಂಬುದನ್ನು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ರೊಟ್ಟಿ ಸೀದ ಆ ದಿನದ ಮೇಲೆ ದೊಡ್ಡಕ್ಕನನ್ನು ನೋಡಲೇಬೇಕೆನಿಸಿತು. ಏನು ಕೇಳಬೇಕೆಂದಿದ್ದೆನೋ ಗೊತ್ತಿಲ್ಲ… ಸುಮ್ಮನೆ ಅವಳ ಪಕ್ಕ ಕೂರಬೇಕೆನಿಸಿತ್ತು. ಮೊನ್ನೆ ಹರಪನಹಳ್ಳಿಗೆ ಹೋಗಿ ಅಲ್ಲಿಂದ ಹಲವಾಗಲಿನ ಬಸ್ಸು ಹಿಡಿದೆ. ಮನೆ ಸಿಕ್ಕಿತು. ಬಾಗಿಲಿಗೆ ಬಂದ ಸೊಸೆ ನಾನು ಯಾರೆಂದು ಕೇಳಿ, ಒಳಗೆ ಕರೆದು, ನೀರು ಕೊಟ್ಟು, ಆಮೇಲೆ ಹೇಳಿದಳು.

“ಹೋದ ತಿಂಗಳ ತೀರ್ಕಂಡ್ರು. ಅವತ್ತೂ ಮುಂಜಾಲೆ ಮನಿ ಮಂದಿಗೆಲ್ಲಾ ತಾವೇ ರೊಟ್ಟಿ ಬಡದ್ರು. ನಡುವ ಎದ್ದು ಹೋಗಿ ಕಟ್ಟಿ ಮ್ಯಾಲೆ ಕುಂತ್ರು. ಯಾವಾಗ್ಲೂ ಹಂಗ ಕುಂದ್ರತಿದ್ರಲ್ಲ ಅಂತ ನಾನೂ ಕರೀಲಿಲ್ಲ ನೋಡ್ರಿ…”

ಮೇಲೆ ಗೋಡೆಯಲ್ಲಿ ಫೋಟೋ ಇತ್ತು. ತಲೆ ಪೂರ್ತಿ ನೆರೆತಿತ್ತು, ಮುಖದಲ್ಲಿ ಮಾತ್ರ ಆಯಾಸವಿರಲಿಲ್ಲ. ಏರಿಸಲೆಂದು ಸೊಸೆ ನನ್ನ ಕೈಗೆ ಮಲ್ಲಿಗೆಯ ತುಂಡೊಂದನ್ನು ಕೊಟ್ಟಳು. ಕೈ ಎತ್ತಿದೆ, ಎದೆಯ ಮಟ್ಟಕ್ಕೆ ಬಂದು ನಿಂತಿತು. ಎಡಗೈಯಿಂದ ಮೊಣಕೈಗೆ ಆಸರೆ ಕೊಟ್ಟು ಮೇಲಕ್ಕೆ ತಳ್ಳಿದೆ. ಆಗಲಿಲ್ಲ. “ಬಿಡ್ರಿ, ನಾ ಏರಸ್ತೀನಿ” ಎಂದು ಅವಳೇ ಹೂ ಇಸಿದುಕೊಂಡಳು.

ನಾನು ಅಲ್ಲೇ ಕೂತು ಅತ್ತುಬಿಟ್ಟೆ. ತನ್ನ ಅತ್ತೆಯ ಸಾವಿಗೆ ಅಳುತ್ತಿದ್ದೇನೆಂದುಕೊಂಡು ಸೊಸೆ ನನ್ನ ಬೆನ್ನು ಸವರಿದಳು. ಅರ್ಧ ಅಳು ಅದಕ್ಕೇ ಆಗಿತ್ತು.